ಅಕ್ಕನ ಎರಡನೇ ಚಿತ್ರ

ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಶಿವಾಜಿನಗರದ ಒಂದು ಸ್ಕ್ಯಾನ್ ಸೆಂಟರಿಗೆ ಆಯಾ ಆಗಿ ಸೇರಿ, ಎರಡು ಸಾವಿರದ ಇಸವಿಯ ಹೊತ್ತಿಗೆ ರೋಗಿಗಳನ್ನು ಮಲಗಿಸಿ ಗುಂಡಿ ಒತ್ತುವಷ್ಟು ಕಲಿತಿದ್ದೆ.

ಸ್ಕ್ಯಾನ್ ಮಾಡುವ ಕ್ಯಾಮೆರಾದೊಳಗೆ ಬಲ್ಬಿನಂಥ ಕೊಳವೆಗಳ ಸಾಲುಸಾಲು. ವಿಕಿರಣದ ಮದ್ದಿನ ಇಂಜೆಕ್ಷನ್ ಕೊಟ್ಟ ಮೇಲೆ ಮೈಯಿಂದ ಹೊರಡುವ ಕಿರಣ ಅವುಗಳಿಗೆ ಸಿಗುತ್ತದೆ. ಕೊಳವೆಗಳ ಹಿಂದಿರುವ ಎಲೆಕ್ಟ್ರಾನಿಕ್ ಬೋರ್ಡುಗಳು ಅದನ್ನು ಚಿತ್ರ ಮಾಡುತ್ತವೆ. ಒಂದು ಬೋರ್ಡು ಸೊರಗಿದರೂ ಚಿತ್ರದಲ್ಲಿ ಅಷ್ಟು ಜಾಗ ಮಂಕು. ನಮ್ಮಲ್ಲಿ ಒಂದು ಸೊರಗಿತ್ತು. ಹೊಸದು ಬರುವವರೆಗೆ ಅಂತ ಡಾಕ್ಟರು ಒಂದು ಉಪಾಯ ಹೇಳಿಕೊಟ್ಟಿದ್ದರು. ಮಂಕು ಕಂಡರೆ ರೋಗಿಯನ್ನು ನಾಲ್ಕು ಬೆರಳು ಸರಿಸಿ ಇನ್ನೊಂದು ಚಿತ್ರ ತೆಗೆಯಬೇಕು. ಮೈ ಜೊತೆ ಮಂಕೂ ಸರಿದರೆ ಅದು ಮೈಯದು, ಅಂದರೆ ರೋಗವಿರಬಹುದು; ಇದ್ದಲ್ಲೇ ಇದ್ದರೆ ಮೆಷಿನ್ನಿನದು. ಎರಡನೆಯದಕ್ಕೆ ಫಿಲಂ ಹಾಕುತ್ತಿರಲಿಲ್ಲ. ಪರದೆ ನೋಡಿ ನಾನೇ ಬಾಯಲ್ಲಿ ಹೇಳಬೇಕು.

ಅಕ್ಕ ಬಸ್ ಕಂಡಕ್ಟರ್. ಅವಳು ಫುಟ್‌ಬೋರ್ಡಲ್ಲಿ ನಿಂತು "ಹಲಸೂರು, ಇಂದಿರಾನಗರ, ಕೆ.ಆರ್. ಪುರ!" ಅಂದರೆ ಮಾರ್ಕೆಟ್ಟಿನವರೆಗೂ ಕೇಳುತ್ತಿತ್ತು. ಕತ್ತಿನಲ್ಲಿ ಸಣ್ಣ ಊತ ಅಂತ ಅವಳನ್ನು ನಮ್ಮಲ್ಲಿಗೇ ಕಳಿಸಿದರು.

"ಅಲ್ಲಾಡ್ಬೇಡ ಅಂತೀಯಾ? ನನ್ನ ಬಸ್ಸಿಗೆ ಬಾ, ನಿನ್ನನ್ನ ಹೇಗೆ ಅಲ್ಲಾಡಿಸ್ತೀನಿ ನೋಡು" ಅಂತ ಮಲಗಿಕೊಂಡೇ ರೇಗಿಸಿದಳು.

ಪರದೆಯ ಮೇಲೆ ಮಂಕು ಬಂತು. ಬೆಳಗ್ಗೆ ಮೆಷಿನ್ ಪರೀಕ್ಷೆ ಮಾಡಿದಾಗ ಕಂಡಿದ್ದ ಜಾಗಕ್ಕಿಂತ ಕೊಂಚ ಈಚೆಗೆ ಅನಿಸಿತು. ಸರಿಸಿದರೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾಗುವುದು ನನಗೆ ಬೇಡವಾಗಿತ್ತು.

"ಎರಡನೇದು ತೆಗೆದ್ಯೇನಮ್ಮಾ?" ಡಾಕ್ಟರು ಕೇಳಿದರು.

"ತೆಗೆದೆ ಸಾರ್. ಇದ್ದಲ್ಲೇ ಇದೆ. ಮೆಷಿನ್ನಿಂದೇ."

ಅವರು ನಂಬಿದರು. ಅಕ್ಕ ನರ್ಸುಗಳಿಗೆಲ್ಲ ಬೇಕರಿಯಿಂದ ದಿಲ್‌ಪಸಂದ್ ತಂದುಕೊಟ್ಟಳು.

ವರ್ಷ ತುಂಬುವಷ್ಟರಲ್ಲಿ ಊತ ಗಂಟಾಗಿ, ಗಂಟು ಕ್ಯಾನ್ಸರ್ ಅಂತಾಯಿತು. ಆಪರೇಷನ್ ಹೊತ್ತಿಗೆ ಅದು ದನಿಯ ನರಕ್ಕೆ ಹತ್ತಿತ್ತು. ಜೀವ ಉಳಿಯಿತು, ನರ ಉಳಿಯಲಿಲ್ಲ. ಈಗ ಅವಳಿಗೆ ಡಿಪೋದಲ್ಲಿ ಕುಳಿತು ಮಾಡುವ ಕೆಲಸ. ಮಾತೆಲ್ಲ ಬರೀ ಉಸಿರು. "ಪಾಪ, ಮೆಷಿನ್ನೇ ಕೆಟ್ಟಿದ್ರೆ ಇವಳೇನ್ ಮಾಡ್ತಾಳೆ" ಅಂತ ಬಂದವರಿಗೆಲ್ಲ ಪಿಸುಗುಡುತ್ತಿದ್ದಳು. ಅವಳು ಹಾಗಂದಾಗಲೆಲ್ಲ ನಾನು ಎದ್ದು ಒಳಗೆ ಹೋಗಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ.

ಹೋದ ವಾರ ಇಬ್ಬರೂ ಬಸ್ಸಲ್ಲಿ ಮನೆಗೆ ಬರುವಾಗ, ಹಲಸೂರು ದಾಟುತ್ತಿದ್ದಂತೆ ಹೇಳಿಬಿಟ್ಟೆ. ಎರಡನೇದು ತೆಗೀಲಿಲ್ಲ, ಸುಳ್ಳು ಹೇಳಿದೆ, ಅಂತ.

ಅಕ್ಕ ನನ್ನ ಕಿವಿಗೆ ಬಾಯಿಟ್ಟು ಕೇಳಿದಳು: "ಎಷ್ಟು ಹೊತ್ತು ಹಿಡೀತಿತ್ತೇ ಅದಕ್ಕೆ?"

"ಐದು ನಿಮಿಷ."

ನಮ್ಮ ಸ್ಟಾಪ್ ಇನ್ನೂ ದೂರವಿತ್ತು. ಅಕ್ಕ ಎದ್ದಳು, ಕೂಗಲಾರದೆ ಕಂಬಿಗೆ ನಾಣ್ಯದಿಂದ ಬಡಿದು ಬಸ್ ನಿಲ್ಲಿಸಿ, ಒಬ್ಬಳೇ ಇಳಿದುಹೋದಳು.