ಚಂಪಾಳ ಪಾಲಿನ ಮಾವು

ಹೋದ ವಾರ ನಮ್ಮ ಮನೆಯಲ್ಲಿ ಒಂದು ಬಾಟಲಿ ಸೀನಿತು.

ನಗಬೇಡಿ. ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ‘ಪುಸ್’ ಎಂದಿತು. ಮಾವಿನಹಣ್ಣಿನ ಪಾಕ ನೊರೆನೊರೆಯಾಗಿ ಉಕ್ಕಿ ನನ್ನ ಹೆಂಡತಿ ಸುಮತಿಯ ಸೀರೆಯ ಮೇಲೆ ಇಳಿಯಿತು. ಮನೆ ತುಂಬ ಹುಳಿ ವಾಸನೆ. ಎದುರಿಗೆ ಬಟ್ಟಲು ಹಿಡಿದು ಕುಳಿತಿದ್ದ ನನ್ನ ತಂಗಿ ಚಂಪಾ, ಬಟ್ಟಲನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಆ ಬಟ್ಟಲು ನೆಲಕ್ಕೆ ತಾಗಿದ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ದಿನವಿಡೀ ಇಚಲಕರಂಜಿಯ ಮಗ್ಗಗಳ ನಡುವೆ ಇರುವ ಕಿವಿ ಇದು. ಸಣ್ಣ ಸಪ್ಪಳ ಇದಕ್ಕೆ ಕೇಳಿಸುವುದೇ ಇಲ್ಲ. ಇದು ಕೇಳಿಸಿತು.

ಮೊದಲಿನಿಂದ ಹೇಳುತ್ತೇನೆ.

ಚಂಪಾಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದೇವೆ. ಈ ಬೇಸಿಗೆಯಲ್ಲಿ ತವರಿಗೆ ಬಂದಳು. ಆಗಷ್ಟೇ ಬಸುರಿ. ಹೊಟ್ಟೆಯಲ್ಲಿ ನೀರು ಕೂಡ ನಿಲ್ಲುತ್ತಿರಲಿಲ್ಲ. ಅದರಲ್ಲೂ ಮಾವಿನಹಣ್ಣಿನ ವಾಸನೆ ಬಂದರೆ ಸಾಕು, ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುವಳು. ಯಾರು? ಸಣ್ಣವಳಿದ್ದಾಗ ಚೀಪಿದ ಮಾವಿನ ಗೊರಟೆಯನ್ನೂ ಯಾರಿಗೂ ಕೊಡದೆ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ ಹುಡುಗಿ! ನಾವೆಲ್ಲ ಒಳಗೆ ಹೋಳಿಗೆ-ಸೀಕರಣೆ ಹೊಡೆಯುತ್ತಿದ್ದರೆ ಇವಳು ಹೊರಗೆ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದಳು.

“ಈ ವರ್ಷದ ನನ್ನ ಪಾಲ ಹೋತಲ್ಲ ವೈನಿ.”

“ಎಲ್ಲಿಗೆ ಹೊಕ್ಕೈತಿ?” ಎಂದಳು ಸುಮತಿ. “ನಿನ್ನ ಪಾಲ ನಾ ಹಿಡದ ಇಡ್ತೇನಿ. ದೀಪಾವಳಿಗೆ ನೀ ಬಾಣಂತನಕ್ಕ ಬರೂತನಕ ಇಲ್ಲೇ ಕುಂತಿರತೈತಿ.”

ನಮ್ಮವ್ವ ಅಡುಗೆಮನೆಯಿಂದಲೇ ಕೇಳಿದಳು: “ದೀಪಾವಳಿತನಕ ಕುಂದರಾಕ ಅದೇನ ಹಣ್ಣೋ, ಬೀಗರೋ?”

ಸುಮತಿಗೆ ಧೈರ್ಯ ಬಂದದ್ದು ಕೊಲ್ಲಾಪುರದಿಂದ. ಅಲ್ಲಿ ಅಕ್ಕನ ಮನೆಗೆ ಹೋದಾಗ ಹೆಂಗಸರ ಒಂದು ಕ್ಲಾಸಿಗೆ ಹೋಗಿ, ಹಣ್ಣನ್ನು ಬಾಟಲಿಯಲ್ಲಿ ಕಟ್ಟಿಡುವುದನ್ನು ಕಲಿತು ಬಂದಿದ್ದಳು. ಉಪ್ಪಿಲ್ಲ, ಎಣ್ಣೆಯಿಲ್ಲ, ಖಾರವಿಲ್ಲ. ಹಣ್ಣು ಹಣ್ಣಾಗಿಯೇ ಇರಬೇಕು. ಕಲಿಸಿದ ಮಾಸ್ತರಬಾಯಿ ಮಾತುಮಾತಿಗೂ ಮರಾಠಿಯಲ್ಲಿ ಹೇಳುತ್ತಿದ್ದರಂತೆ: “ಹವಾ ಆತ್ ಜಾತಾ ಕಾಮಾ ನಯೇ!” ಗಾಳಿ ಒಳಗೆ ಹೋಗಕೂಡದು. ಎಲ್ಲ ವಿದ್ಯೆಯೂ ಇದೊಂದೇ ಮಾತಿನಲ್ಲಿದೆ.

ಗಾಳಿ ತಡೆಯುವುದು ಎಂದ ಮೇಲೆ ನಾನು ಸುಮ್ಮನಿರಲಾದೀತೇ? ನಾನು ಮಗ್ಗ ರಿಪೇರಿ ಮಾಡುವ ಜಾಬರ್. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟೆ, ಆದರೆ ನಾನು ಬಿಗಿದ ನಟ್ಟು ಇನ್ನೊಬ್ಬರು ಬಂದು ಬಿಗಿಯುವ ಪ್ರಸಂಗ ಇದುವರೆಗೆ ಬಂದಿಲ್ಲ. (ಈ ಪತ್ರಿಕೆಯ ಸಂಪಾದಕರು ನನ್ನ ಕಾಗುಣಿತ ತಿದ್ದುತ್ತಾರೆ. ಅದು ಬೇರೆ ಮಾತು.) ಅಗಲ ಬಾಯಿಯ ಬಾಟಲಿಗಳನ್ನು ಹುಡುಕಿ ತಂದೆ. ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ, ಕುದಿಸಿ, ಮುಚ್ಚಳದ ಕೆಳಗೆ ಕೂಡಿಸಿದೆ. ಮಗ್ಗದ ತಂತಿಯಿಂದ ಒಂದೊಂದು ಬಾಟಲಿಗೂ ಒಂದೊಂದು ಕೊಂಡಿ ಮಾಡಿದೆ. ನನ್ನ ಕೊಂಡಿಯ ಕೊನೆ ಯಾವಾಗಲೂ ಬಲಕ್ಕೆ ಮಡಿಸಿರುತ್ತದೆ. ಕೈಯ ರೂಢಿ.

ಜೂನಿನ ಮಿರಗದ ಮಳೆಗೆ ಮೊದಲು ಘಟ್ಟದ ಕೆಳಗಿನ ಹಾಪೂಸ್ ಮಾವು ಬಂತು. ಸುಮತಿ ಹೋಳು ಮಾಡಿ ಬಾಟಲಿಗೆ ತುಂಬಿ ಸಕ್ಕರೆ ಪಾಕ ಸುರಿದಳು. ಹಂಡೆಯ ತಳಕ್ಕೆ ಅರಿವೆ ಹಾಸಿ, ಬಾಟಲಿಗಳನ್ನು ನಿಲ್ಲಿಸಿ, ಕುತ್ತಿಗೆಯವರೆಗೆ ನೀರು ಹಾಕಿ ಕುದಿಸಿದಳು. ಬಿಸಿಯಿರುವಾಗಲೇ ನಾನು ಕೊಂಡಿ ಬಿಗಿದೆ. ಆರಿದ ಮೇಲೆ ನೋಡಿದರೆ ಮುಚ್ಚಳಗಳು ಒಳಗೆ ಎಳೆದುಕೊಂಡು ಗಟ್ಟಿ ಕುಳಿತಿದ್ದವು. ಕೊಂಡಿ ಬಿಚ್ಚಿ, ಬರೀ ಮುಚ್ಚಳ ಹಿಡಿದು ಬಾಟಲಿಯನ್ನು ಎತ್ತಿ ತೋರಿಸಿದೆ. ಸುಮತಿ “ಅಯ್ಯ, ಬಿದ್ದೀತು, ಇಡ್ರಿ!” ಎಂದು ಕೂಗಿಕೊಂಡಳು. ಬೀಳಲಿಲ್ಲ.

ಆಮೇಲೆ ಮಳೆ ಹಿಡಿಯಿತು ನೋಡಿ. ಆಷಾಢದಲ್ಲಿ ಸೂರ್ಯನ ಮುಖವೇ ಇಲ್ಲ. ಒದ್ದೆ ಗೋಡೆ, ಒದ್ದೆ ಅಂಗಿ. ನಾನು ಕೆಲಸದಿಂದ ಬಂದವನು ಕಾಲು ತೊಳೆದು, ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದ ಗೋಡೆಯ ಹಲಗೆಯ ಮುಂದೆ ನಿಲ್ಲುತ್ತಿದ್ದೆ. ಎಲ್ಲಿಂದಲೋ ಒಂದಿಷ್ಟು ಮಬ್ಬು ಬೆಳಕು ಬಂದು ಬಾಟಲಿಗಳ ಹಿಂದೆ ನಿಂತರೆ ಹಲಗೆ ಪೂರ್ತಿ ಬಂಗಾರ. ವೈಶಾಖದ ಬಿಸಿಲನ್ನೇ ಹೋಳು ಮಾಡಿ ತುಂಬಿಟ್ಟ ಹಾಗೆ. ಹೊರಗೆ ಮಳೆ ಸುರಿಯುತ್ತಿದೆ, ಒಳಗೆ ಬೇಸಿಗೆ ತಣ್ಣಗೆ ಕುಳಿತಿದೆ. ಎಷ್ಟೋ ಹೊತ್ತು ಹಾಗೆಯೇ ನಿಂತಿರುತ್ತಿದ್ದೆ. ಮಗ್ಗಗಳ ಸದ್ದು ತಲೆಯಿಂದ ಇಳಿದು ಹೋಗುತ್ತಿತ್ತು.

“ಊಟಾ ಮಾಡ್ತೀರೋ, ಅದನ್ನ ನೋಡಕೋತ ನಿಂದರ್ತೀರೋ?” ಎಂದು ಸುಮತಿ ಕೂಗಿದಾಗಲೇ ಎಚ್ಚರ.

ಒಂದು ಬಾಟಲಿಯನ್ನು ನಾನು ಮಗ್ಗದ ಶೆಡ್ಡಿಗೆ ಒಯ್ದು ನನ್ನ ಹತ್ಯಾರಗಳ ಕಪಾಟಿನಲ್ಲಿಟ್ಟೆ. ತಿನ್ನಲಿಕ್ಕಲ್ಲ, ತೋರಿಸಲಿಕ್ಕೆ. ನೇಕಾರ ದತ್ತೋಬಾ ಅದನ್ನು ತಿರುಗಿಸಿ ನೋಡಿ, “ಕಾಯ್ ಹೋ ಜಾಬರ್, ಏನೂ ತಪ್ಪ ಮಾಡದ ಹಣ್ಣಿಗೆ ಜನ್ಮಠೇಪ ಕೊಟ್ಟೀರಲ್ಲ!” ಎಂದ. ಜೀವಾವಧಿ ಸಜೆಯ ಮಾತಿಗೆ ಎಲ್ಲರೂ ನಕ್ಕರು. ಆದರೆ ಕೊಂಡಿಯನ್ನು ಮುಟ್ಟಿ ನೋಡದವರು ಒಬ್ಬರೂ ಇರಲಿಲ್ಲ.

ಈಗ ನಮ್ಮವ್ವನ ಮಾತು ಹೇಳಬೇಕು. ನಾವು ಜೈನರು. ಅವ್ವ ಕಟ್ಟುನಿಟ್ಟು. ಅರಿವೆಯಲ್ಲಿ ಸೋಸದೆ ಒಂದು ಗುಟುಕು ನೀರು ಕುಡಿಯುವವಳಲ್ಲ. ಸೋಸಿದ ಅರಿವೆಯನ್ನು ಕೊಡವುವವಳೂ ಅಲ್ಲ. ಅದರಲ್ಲಿ ಸಿಕ್ಕಿರಬಹುದಾದ ಸಣ್ಣ ಜೀವಗಳು ಮತ್ತೆ ತಮ್ಮ ನೀರಿಗೇ ಹೋಗಬೇಕೆಂದು ಅದನ್ನು ಬಾವಿಗೇ ಇಳಿಸಿ ಜಾಲಿಸಿ ಬರುತ್ತಾಳೆ. ಈಚೆಗೆ ಅವಳ ಕಣ್ಣಿಗೆ ಪೊರೆ ಬಂದಿದೆ. ಅರಿವೆಯನ್ನು ಸೊಸೆಯ ಮುಂದೆ ಹಿಡಿದು, “ಏನರ ಹರದಾಡತೈತೇನ ನೋಡಬೇ ಸುಮತಿ” ಎಂದು ಕೇಳುತ್ತಾಳೆ. ಹೊತ್ತು ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗೆ ಹಾಕಿದವಳಲ್ಲ. ಚಂಪಾಳಿಗೂ ಅದೇ ರೂಢಿ. ಗಂಡನ ಮನೆಯಲ್ಲೂ ಬಿಟ್ಟಿಲ್ಲ.

ಹಾಗೆಂದು ನಮ್ಮ ಬಾಟಲಿಗಳಿಗೆ ಅವ್ವ ಅಡ್ಡ ಬರಲಿಲ್ಲ. “ನಿಮಗ ಬೇಕಾದ್ರ ತಿನ್ನ್ರಿ. ತಿಂಗಳಗಟ್ಟಲೆ ಇಟ್ಟದ್ದು ನನಗ ಬ್ಯಾಡ” ಎಂದಿದ್ದಳು, ಅಷ್ಟೇ.

ದೀಪಾವಳಿ ಬಂತು. ಸುಣ್ಣ ಬಳಿಯಬೇಕೆಂದು ಹಲಗೆ ಖಾಲಿ ಮಾಡಿದರು. ಬಾಟಲಿಗಳೆಲ್ಲ ಮೂಲೆಯಲ್ಲಿ ಅವ್ವನ ಹಳೆಯ ಸೀರೆಯ ಕೆಳಗೆ ಸೇರಿದವು. ಸುಣ್ಣವೂ ಆಯಿತು, ಚಂಪಾಳೂ ಬಂದಳು. ಏಳು ತಿಂಗಳ ಹೊಟ್ಟೆ. ಬಸ್ಸಿನಿಂದ ಇಳಿದವಳು ಗಂಟು ಕೆಳಗಿಡುವ ಮೊದಲೇ ಕೇಳಿದಳು:

“ವೈನಿ, ನನ್ನ ಪಾಲ ಎಲ್ಲೈತಿ?”

ಅದನ್ನೇ ನೆನೆಯುತ್ತ ಇಷ್ಟು ತಿಂಗಳು ಕಳೆದಳಂತೆ. ರಾತ್ರಿ ಕನಸಿನಲ್ಲೂ ಅದೇ ವಾಸನೆಯಂತೆ. ಬಟ್ಟಲು ತಂದುಕೊಂಡು ಕುಳಿತಳು.

ಆಗಲೇ ಬಾಟಲಿ ಸೀನಿದ್ದು.

ಎರಡನೆಯದೂ ಸೀನಿತು. ಮೂರನೆಯದೂ. ಎಲ್ಲವೂ! ಸುಮತಿ ನನ್ನ ಕಡೆ ತಿರುಗಿದಳು. “ದೊಡ್ಡ ಜಾಬರ್ ಅಂತ! ನಿಮ್ಮ ಕೊಂಡೀನ ಸಡ್ಲ ಅದಾವ. ಬಸರಿ ಹೆಂಗಸಿಗೆ ನಾ ಏನಂತ ಹೇಳ್ಲಿ ಈಗ?”

ನನ್ನ ಕೊಂಡಿ ಸಡಿಲವೇ? ಬೈದರೆ ಬೈಸಿಕೊಂಡೇನು, ಇದನ್ನು ಕೇಳಿಕೊಳ್ಳಲಾರೆ. ಒಂದನ್ನು ಬೆಳಕಿಗೆ ಹಿಡಿದೆ. ಕೊನೆ ಎಡಕ್ಕೆ ಮಡಿಸಿತ್ತು! ಇನ್ನೊಂದೂ ಎಡಕ್ಕೆ.

“ಇದು ನನ್ನ ಕೈ ಅಲ್ಲ. ಯಾರೋ ತಗದಾರ.”

“ನಾನ ತಗದೇನಿ” ಎಂದಳು ಅವ್ವ.

ಎಲ್ಲರೂ ಅವಳ ಕಡೆ ನೋಡಿದೆವು. ಅವಳಿಗೆ ಏನೂ ಅಳುಕಿರಲಿಲ್ಲ.

“ಸುಣ್ಣಕ್ಕಂತ ಎತ್ತಿ ಇಡೂವಾಗ ಒಂದರಾಗ ಏನೋ ಗುಳ್ಳಿ ಮ್ಯಾಲ ಹೋದಂಗಾತು. ಹೋಳಿನ ಸಂದ್ಯಾಗಿಂದ, ಮೆಲ್ಲಕ, ಉಸರ ಬಿಟ್ಟಂಗ. ಒಳಗ ಯಾವದರ ಜೀವ ಸಿಕ್ಕೊಂಡಿದ್ರ? ಪಾಪ, ಗಾಳಿ ಇಲ್ದ ಎಷ್ಟ ದಿನಾ ಇದ್ದೀತು? ಎಲ್ಲಾ ಮುಚ್ಚಳಾ ತಗದ ಸ್ವಲ್ಪ ಗಾಳಿ ಆಡಾಕ ಬಿಟ್ಟೆ. ಮತ್ತ ಹಂಗ ಮುಚ್ಚಿಟ್ಟೆ. ಒಂದ ಹನಿ ಚೆಲ್ಲಿಲ್ಲ.”

“ಅತ್ತೀ!” ಎಂದು ಸುಮತಿ ತಲೆ ಹಿಡಿದುಕೊಂಡು ಕುಳಿತಳು. “ಹವಾ ಆತ್ ಜಾತಾ ಕಾಮಾ ನಯೇ...”

ಗಾಳಿಯ ಜೊತೆ ಕಣ್ಣಿಗೆ ಕಾಣದ ಸಣ್ಣ ಜೀವಗಳು ಒಳಗೆ ಹೋದದ್ದರಿಂದಲೇ ಹಣ್ಣು ಹುಳಿಯಿತು ಎಂದು ನಾನು ಬಿಡಿಸಿ ಹೇಳಿದೆ. ಆಗ ಅವ್ವನ ಮುಖ ಇಳಿಯಿತು. ಕಣ್ಣು ಕಿರಿದು ಮಾಡಿ ನೊರೆಯನ್ನೇ ನೋಡಿದಳು. “ಅಂದ್ರ ಈಗ ಇದರಾಗ ಜೀವ ಆಗ್ಯಾವು? ನನ್ನ ಕೈಯಿಂದ?” ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ನನ್ನ ಮಗಳ ಬಯಕಿ ನಾನ ಚೆಲ್ಲಿದೆನಲ್ಲೋ” ಎಂದಳು.

ಚಂಪಾಳ ಕಣ್ಣು ತುಂಬಿತ್ತು. ಆದರೂ ನಕ್ಕಳು. ಅವ್ವನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, “ಇಲ್ಲೂ ಒಂದ ಜೀವ ಸಿಕ್ಕೊಂಡೈತಬೇ ಅವ್ವಾ. ಹರದಾಡತೈತಿ ನೋಡು. ಇದರ ಮುಚ್ಚಳಾ ಮಾತ್ರ ಈಗ ತಗೀಬ್ಯಾಡ!” ಎಂದಳು.

ಎಲ್ಲರೂ ನಕ್ಕೆವು. ನಗುವಿನ ನಡುವೆಯೇ ನನಗೆ ನೆನಪಾಯಿತು: ಶೆಡ್ಡು! ನನ್ನ ಕಪಾಟು! ಅಲ್ಲಿಯ ಬಾಟಲಿಗೆ ಅವ್ವನ ಕೈ ಸೋಕಿಲ್ಲ.

ಸೈಕಲ್ ಹತ್ತಿದೆ. ಹೊತ್ತು ಆಗಲೇ ಪಶ್ಚಿಮಕ್ಕೆ ವಾಲಿತ್ತು. ಹೊತ್ತಿಗೂ ನನಗೂ ಓಟದ ಶರ್ಯತ್ತು ಎಂದುಕೊಳ್ಳಿ. ಬರುವಾಗ ಬಾಟಲಿಯನ್ನು ಅಂಗಿಯೊಳಗೆ ಎದೆಗೆ ಕಟ್ಟಿಕೊಂಡಿದ್ದೆ. ಬೀದಿಯಲ್ಲಿ ಪಣತಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅಲ್ಲಿ ದೀಪ ಹತ್ತಿದಷ್ಟೂ ಇಲ್ಲಿ ನನ್ನ ಎದೆ ಕುಸಿಯುತ್ತಿತ್ತು. ಇಡೀ ಊರು ಯಾವುದೋ ಕನಸಿನೊಳಗೆ ಮೆಲ್ಲಗೆ ಇಳಿಯುತ್ತಿದ್ದಂತೆ, ನಾನೊಬ್ಬನೇ ಅದರಲ್ಲಿ ಏದುಸಿರು ಬಿಡುತ್ತ ಪೆಡಲ್ ತುಳಿಯುತ್ತಿದ್ದಂತೆ.

ಬಾಗಿಲಲ್ಲೇ ಕೊಂಡಿ ಬಿಚ್ಚಿದೆ. ಮುಚ್ಚಳ ಬರಲೊಲ್ಲದು. ಉಗುರು ಹಾಕಿ ಎಬ್ಬಿಸಿದೆ. ಇದು ಸೀನಲಿಲ್ಲ. ಒಳಕ್ಕೆ ಒಂದು ಉಸಿರು ಎಳೆದುಕೊಂಡಿತು. ಅಷ್ಟೇ. ಆಮೇಲೆ ವೈಶಾಖ ಮಾಸ ಮನೆ ತುಂಬ ಓಡಾಡಿತು. ಸುಣ್ಣದ ವಾಸನೆ ಎಲ್ಲಿ ಹೋಯಿತೋ!

ಚಂಪಾ ಬಟ್ಟಲು ಮುಟ್ಟಲಿಲ್ಲ. ಬಾಗಿಲಾಚೆ ನೋಡಿದಳು.

“ಹೊತ್ತ ಮುಳಗೇತಿ ಅಣ್ಣಾ. ಇರಲಿ ಬಿಡು. ನಾಳೆ ತಿಂತೇನಿ.”

ಬಾಯಿ ಹಾಗೆಂದಿತು. ಕಣ್ಣು ಬಾಟಲಿಯನ್ನು ಬಿಟ್ಟಿರಲಿಲ್ಲ.

ಅವ್ವ ಎದ್ದಳು. ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋದಳು. ಪಶ್ಚಿಮಕ್ಕೆ ಮುಖ ಮಾಡಿ ಅಂಗೈ ಎತ್ತಿ ಹಿಡಿದು ಬಹಳ ಹೊತ್ತು ನಿಂತಳು. ಅಂಗೈಯ ಗೆರೆ ಕಾಣುವಷ್ಟು ಬೆಳಕಿದ್ದರೆ ಇನ್ನೂ ಹಗಲು ಎಂಬುದು ಅವಳ ಲೆಕ್ಕ. ತಿರುಗಿ ಬಂದವಳು ಬಟ್ಟಲನ್ನು ತಾನೇ ಮಗಳ ಕೈಗಿಟ್ಟಳು.

“ಇನ್ನೂ ಹೊತ್ತೈತಿ. ಗೆರಿ ಸ್ವಚ್ಛ ಕಾಣಸ್ತಾವ ನನಗ. ತಿನ್ನು.”

ಚಂಪಾ ತಿಂದಳು. ಕಣ್ಣು ಮುಚ್ಚಿಕೊಂಡು, ಒಂದೊಂದೇ ಹೋಳು. ಸುಮತಿ ನನ್ನನ್ನು ನೋಡಿದಳು. ನಾನು ಹೊರಗೆ ನೋಡಿದೆ. ಎದುರು ಮನೆಯ ಪಣತಿಗಳೆಲ್ಲ ಹೊತ್ತಿದ್ದವು.

ನಡುಮಧ್ಯಾಹ್ನದಲ್ಲೂ ಸೂಜಿಗೆ ದಾರ ಪೋಣಿಸಲಾರದ ನಮ್ಮವ್ವನಿಗೆ ಆ ಸಂಜೆ ಅಂಗೈಯ ಗೆರೆ ಕಂಡದ್ದು ಯಾವ ಬೆಳಕಿನಲ್ಲಿ?