ಎಡತೋಳಿನ ಗೊಂಡೆ

ಯುದ್ಧದ ಕಾಲದಲ್ಲಿ ನಮ್ಮಣ್ಣ ಪ್ಯಾರಾಶೂಟ್ ಪಲ್ಟನ್ ಸೇರಿದ್ದ. ತರಬೇತಿಯ ನಡುವೆ ನಾಲ್ಕು ದಿನದ ರಜೆಗೆಂದು ಪುಣೆಯ ನಮ್ಮ ಮನೆಗೆ ಬಂದವನು ಖಾಕಿ ಬಟ್ಟೆಯ ಗಂಟೊಂದನ್ನು ನನ್ನ ಮುಂದೆ ಇಟ್ಟ.

"ಮಾಸ್ತರ, ಇದರಾಗ ನನಗೊಂದು ಜಿಗಿಯೋ ಅಂಗಿ ಹೊಲದು ಕೊಡು. ಅಲ್ಲಿ ಕೊಟ್ಟದ್ದು ಭಾಳ ದೊಡ್ಡದದ, ಗಾಳಿ ತುಂಬತದ."

ನಾನು ಮ್ಯಾಟ್ರಿಕ್ ಮುಗಿಸಿ ಪೇಟೆಯ ದರ್ಜಿಯೊಬ್ಬರಲ್ಲಿ ಕೆಲಸ ಕಲಿಯುತ್ತಿದ್ದೆ. ಅದಕ್ಕೇ ದರ್ಜಿಗಳನ್ನು ಕರೆಯುವ ಈ 'ಮಾಸ್ತರ' ಎಂಬ ಚೇಷ್ಟೆ. ಮನೆಯಲ್ಲಿ ಕೈಯಿಂದ ತಿರುಗಿಸುವ ಮಶೀನು ಇತ್ತು. ಅಳತೆ ಕೊಡುವಾಗ ಅಣ್ಣ ಒಂದೇ ಮಾತನ್ನು ಮೂರು ಸಲ ಹೇಳಿದ: ಅಂಗಿಯ ಹೊರಗೆ ಗುಂಡಿ, ಕುಣಿಕೆ, ದಾರ, ಏನೂ ಜೋತಾಡಬಾರದು. ಪ್ಯಾರಾಶೂಟಿನ ಛತ್ರಿ ಬಿಚ್ಚುವಾಗ ಅದರ ಹಗ್ಗ ಅಂಥದ್ದಕ್ಕೆ ಸಿಕ್ಕಿಕೊಂಡರೆ ಮನುಷ್ಯ ಉಳಿಯುವುದು ಕಷ್ಟ.

ಒಳಗಿನಿಂದ ಅವ್ವ ಅಂದಳು, "ಸಣ್ಣಾಂವ ಇದ್ದಾಗ ಗಿಡಾ ಹತ್ತಿದ್ರ ಬಡೀತಿದ್ದೆ. ಈಗ ಸರಕಾರ ಪಗಾರ ಕೊಟ್ಟು ಕೆಡವತದ."

ಮೊಣಕೈಗೆ ಮೆತ್ತನೆಯ ಪದರ ಬೇಕಿತ್ತು. ಅವ್ವ ತನ್ನ ಹಳೆಯ ಇಳಕಲ್ ಸೀರೆಯನ್ನು ಹರಿದು, ಕೌದಿ ಹೊಲಿಯುವ ಹಾಗೆಯೇ ಪದರದ ಮೇಲೆ ಪದರ ಇಟ್ಟು ಸಾಲು ಹೊಲಿಗೆ ಹಾಕಿಕೊಟ್ಟಳು. ನಮ್ಮ ಮನೆಯ ಕೌದಿಗಳ ಮೂಲೆಯಲ್ಲಿ ಗೊಂಡೆ ಇರಲೇಬೇಕು. ಗೊಂಡೆಯಿಲ್ಲದ ಕೌದಿ ಹೊದ್ದವನಿಗೆ ದೃಷ್ಟಿ ತಾಗುತ್ತದೆ ಎಂದು ಅವಳ ನಂಬಿಕೆ.

ರಜೆಯ ಕೊನೆಯ ದಿನ ಮಧ್ಯಾಹ್ನ ಅಣ್ಣ ಗೆಳೆಯರನ್ನು ನೋಡಲು ಹೋಗಿದ್ದ. ಅವ್ವ ಸೀರೆಯ ಕೆಂಪು ದಾರದಲ್ಲಿ ಹೆಣೆದ ಗೊಂಡೆಯೊಂದನ್ನು ನನ್ನ ಕೈಗಿಟ್ಟಳು. ಹೆಬ್ಬೆರಳಷ್ಟು ಉದ್ದ, ಮೇಲೆ ಒಂದು ಕುಣಿಕೆ.

"ಇದನ್ನ ಎಡತೋಳಿಗೆ ಹಚ್ಚು. ಅವಗ ಹೇಳಬ್ಯಾಡ, ನಗತಾನ."

"ಬ್ಯಾಡವ್ವಾ. ಹಗ್ಗ ಸಿಗತದಂತ."

"ಇಷ್ಟು ಸಣ್ಣದಕ್ಕ ಏನ್ ಸಿಗತದ? ನೀ ಹಚ್ಚದಿದ್ರ ನಾನೇ ಹಚ್ಚತೀನಿ."

ಅವಳ ಕಣ್ಣು ತುಂಬಿತ್ತು. ನಾನು ಮೇಣ ಹಚ್ಚಿದ ದಾರದಿಂದ ಏಳು ಸುತ್ತು ಬಿಗಿದು ಗೊಂಡೆಯನ್ನು ಕೂಡಿಸಿದೆ. ಆಮೇಲೆ ಅದನ್ನು ಮಡಚಿ, ಮೇಲೊಂದು ಖಾಕಿ ಪಟ್ಟಿ ಇಟ್ಟು, ಕಚ್ಚಾ ಹೊಲಿಗೆಯಲ್ಲಿ ಮುಚ್ಚಿದೆ. ಕಚ್ಚಾ ಹೊಲಿಗೆ ಗಾಳಿಗೆ ನಿಲ್ಲುವುದಿಲ್ಲ ಎಂಬುದು ಆರು ತಿಂಗಳು ಕೆಲಸ ಕಲಿತ ನನಗೆ ಗೊತ್ತಿತ್ತು.

ಸಂಜೆ ಅಣ್ಣ ಅಂಗಿ ತೊಟ್ಟು, ಕೈ ಮೇಲೆತ್ತಿ, ಬಗ್ಗಿ, ಕಟ್ಟೆಯಿಂದ ಅಂಗಳಕ್ಕೆ ಜಿಗಿದು ನೋಡಿದ. "ಏನೂ ಜೋತಾಡೂದಿಲ್ಲಲ್ಲ?"

"ಇಲ್ಲ," ಅಂದೆ.

ಅವನು ತಡವಿ ನೋಡಲೂ ಇಲ್ಲ. ತಮ್ಮ ಹೇಳಿದ ಮೇಲೆ ಮುಗಿಯಿತು.

ಅವನು ರೈಲು ಹತ್ತಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಅಂಚೆಯವನು ನಾವಿದ್ದ ವಾಡೆಯ ಬಾಗಿಲಿಗೆ ಬಂದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಒಂದು ಕಾರ್ಡು ಬರೆದರೆ ಸಾಕಿತ್ತು: 'ಎಡತೋಳಿನ ಪಟ್ಟಿ ಬಿಚ್ಚಿ ಒಳಗಿನದನ್ನು ಕತ್ತರಿಸು.' ಅವ್ವನಿಗೆ ತಿಳಿದೀತು ಎಂದು ನೆಪ ಹೇಳಿಕೊಂಡೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದವನ್ನೆಲ್ಲ ಓದಿ ಹೇಳುವವನು ನಾನೇ. ಬರೆಯದೆ ಹೋದದ್ದು, ಸುಳ್ಳು ಹೇಳಿದೆ ಎಂದು ಅಣ್ಣನ ಮುಂದೆ ಒಪ್ಪಿಕೊಳ್ಳಲಾರದೆ. ಬರೆಯಲು ಮೂರು ವಾರ ಸಮಯವಿತ್ತು.

ಆಮೇಲೆ ಬಂದ ಕಾಗದ ಆಸ್ಪತ್ರೆಯದು. ಛತ್ರಿ ಬಿಚ್ಚುವಾಗ ಹಗ್ಗವೊಂದು ಎಡತೋಳನ್ನು ಎಳೆದು ಭುಜದ ಕೀಲು ತಪ್ಪಿಸಿತ್ತು. ಬಟ್ಟೆ ಹರಿದದ್ದರಿಂದ ಹಗ್ಗ ಬಿಡಿಸಿಕೊಂಡು ಅವನು ಬದುಕಿದ. ಮನೆಗೆ ಬಂದಾಗ ಕೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಅಂಗಿಯ ಎಡತೋಳಿನಲ್ಲಿ ಗೊಂಡೆ ಇದ್ದ ಜಾಗ ಪೂರಾ ಕಿತ್ತುಹೋಗಿತ್ತು.

ಅವ್ವ ಆ ತೂತಿಗೆ ಬೆರಳು ಹಾಕಿ ನೋಡಿದಳು. ನನ್ನನ್ನು ಅಡುಗೆಮನೆಗೆ ಕರೆದು, "ನೋಡಿದ್ಯಾ? ಗೊಂಡೆ ತಾ ಹೋಗಿ ಅವನ್ನ ಉಳಿಸ್ತು," ಅಂದಳು. ನಾನು ಹೂಂ ಅಂದೆ. ಸಾಯುವವರೆಗೂ ಅವಳು ಅದನ್ನೇ ನಂಬಿದಳು.

ಅಣ್ಣನ ಆ ಕೈ ಮತ್ತೆ ಭುಜದ ಮೇಲಕ್ಕೆ ಏಳಲಿಲ್ಲ. ತಲೆಯ ಮೇಲಿಂದ ಅಂಗಿ ತೊಡಲು ಬಾರದ ಅವನಿಗೆ ಬಗಲಿನಿಂದ ಪೂರ್ತಿ ತೆರೆಯುವ ಅಂಗಿಗಳನ್ನು ಕೊನೆಯವರೆಗೂ ನಾನೇ ಹೊಲಿದುಕೊಟ್ಟೆ. ಒಮ್ಮೆ ಹೊಸ ಅಂಗಿ ತೊಡಿಸುವಾಗ ಅವನು ಕಿಟಕಿಯ ಕಡೆ ನೋಡುತ್ತ ಅಂದ:

"ಅವತ್ತ ಬಟ್ಟಿ ಹರೀತು, ನಿನ್ನ ಹೊಲಿಗಿ ಬಿಚ್ಚಲಿಲ್ಲ ನೋಡು. ಭಾಳ ಗಟ್ಟಿ ಹೊಲದಿದ್ದಿ."

ಅವನಿಗೆ ಗೊತ್ತಿತ್ತೋ, ಬರೀ ಹೊಗಳಿದನೋ, ತಿಳಿಯಲಿಲ್ಲ. ಕೇಳುವುದಕ್ಕೆ ಅದೇ ಸಮಯವಾಗಿತ್ತು. ನಾನು ಬಗ್ಗಿ ಅವನ ಬಗಲಿನ ಗುಂಡಿಗಳನ್ನು ಹಾಕಿದೆ.