ಹಗ್ಗದ ಕೊನೆಯ ಜಾಗ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗೂಟಕ್ಕ ಎಂದೇ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಹಗ್ಗ ಜಗ್ಗಾಟದಲ್ಲಿ ಎಲ್ಲರಿಗಿಂತ ಹಿಂದೆ ನಿಂತು, ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು, ಹಿಮ್ಮಡಿ ನೆಲಕ್ಕೆ ಊರಿದಳೆಂದರೆ ಮುಗಿಯಿತು, ಕ್ರೇನು ತಂದರೂ ಕದಲುವವಳಲ್ಲ. ಎದುರು ತಂಡದವರೇ ಗೊಣಗುತ್ತಾ ಇಟ್ಟ ಹೆಸರು ಅದು. ಒದ್ದೆ ಬೆಡ್‌ಶೀಟಿನ ತಳ್ಳುಗಾಡಿ ತಳ್ಳಿ ತಳ್ಳಿಯೇ ಗಟ್ಟಿಯಾದ ಮೈ. ಜಿಮ್ಮಿನ ಬಾಗಿಲು ಎತ್ತ ಕಡೆಗಿದೆ ಎಂದೂ ಅವಳಿಗೆ ಗೊತ್ತಿರಲಿಲ್ಲ.

ಪ್ರತಿ ವರ್ಷ ಆಸ್ಪತ್ರೆಯ ಹೆಂಗಸರ ತಂಡಕ್ಕೆ ನೂಲಿನ ಗಿರಣಿಯ ಹೆಂಗಸರೊಂದಿಗೆ ಪಂದ್ಯ. ಆ ಒಂದು ಸಂಜೆಗಾಗಿ ಅವಳು ವರ್ಷವಿಡೀ ಬದುಕುತ್ತಿದ್ದಳು ಎಂದರೆ ಅವಳ ಗಂಡ ಮುನಿಸಿಕೊಳ್ಳುತ್ತಾನೆ, ಆದರೂ ನಿಜ ನಿಜವೇ. ಮನೆಯಲ್ಲಿ, ಕೆಲಸದಲ್ಲಿ, ಬಸ್ಸಿನಲ್ಲಿ ಎಲ್ಲೆಲ್ಲೂ ಆಚೆ ಸರಿ, ಈಚೆ ಸರಿ ಎನ್ನಿಸಿಕೊಂಡ ಹೆಂಗಸಿಗೆ, ಸರಿಯದೆ ನಿಂತರೆ ಚಪ್ಪಾಳೆ ಬೀಳುವ ಜಾಗ ಅದೊಂದೇ ಇತ್ತು.

ಐವತ್ತು ದಾಟಿ ಮುಟ್ಟು ನಿಂತ ಮೇಲೆ ಮೈಯೇ ತಕರಾರು ತೆಗೆಯಿತು. ಹೊರಗೆ ಇಸ್ತ್ರಿ ಯಂತ್ರದ ಬಿಸಿ ಸಾಲದೆಂಬಂತೆ ಒಳಗಿನಿಂದ ಇನ್ನೊಂದು ಬಿಸಿ ಕುತ್ತಿಗೆಗೆ ಏರುತ್ತಿತ್ತು. ನಿದ್ದೆ ಎಂಬುದು ನೆಂಟರ ಮನೆಗೆ ಹೋದದ್ದು ತಿರುಗಿ ಬರಲಿಲ್ಲ. ಹೋದ ವರ್ಷದ ಪಂದ್ಯದಲ್ಲಿ ಅವಳ ಹಿಮ್ಮಡಿ ಜಾರಿತು, ತಂಡ ಸೋತಿತು. ಸೋಲನ್ನು ನುಂಗಿಕೊಂಡಾಳು, ಆದರೆ ಹಿಂದಿನಿಂದ ಯಾರೋ “ಗೂಟ ಸಡಿಲಾಯ್ತು ಕಣ್ರೇ” ಎಂದು ನಕ್ಕದ್ದು ಮುಳ್ಳಿನಂತೆ ಒಳಗೇ ಉಳಿಯಿತು.

ಅಂಥ ಹೊತ್ತಿಗೆ ಸರಿಯಾಗಿ ತಂಡಕ್ಕೆ ಹೊಸ ಕೋಚ್ ಬಂದ. ಊರಿನಲ್ಲಿ ಸ್ವಂತ ಜಿಮ್ಮು, ಶರ್ಟಿನ ತೋಳು ಹರಿಯುವಂಥ ರಟ್ಟೆ, ಬಾಯಿ ಬಿಟ್ಟರೆ ಬೆಣ್ಣೆಯಂಥ ಮಾತು. ಅವಳ ಕೈಗೆ ಒಂದು ಡಬ್ಬಿ ಕೊಟ್ಟ.

“ಅಕ್ಕಾ, ಬರೀ ವಿಟಮಿನ್ ಇದು. ಬೆಳಿಗ್ಗೆ ಒಂದು, ರಾತ್ರಿ ಒಂದು. ನಮ್ಮ ತಂಡದ ಹುಡುಗೀರೂ ತಗೋತಿದಾರೆ.”

ಡಬ್ಬಿಯ ಮೇಲೆ ಹುಲಿಯ ಮುಖ ಬಿಟ್ಟರೆ ಒಂದಕ್ಷರವೂ ಇರಲಿಲ್ಲ. ನಿವೃತ್ತ ಬಸ್ ಡ್ರೈವರ್ ಗಂಡ ಅದನ್ನು ಬೆಳಕಿಗೆ ಹಿಡಿದು ನೋಡಿ, “ಹುಲಿ ಚಿತ್ರ ಹಾಕಿದಾರೆ, ಒಳ್ಳೇ ಕಂಪನೀನೇ ಇರ್ಬೇಕು” ಎಂದು ಸರ್ಟಿಫಿಕೇಟು ಕೊಟ್ಟುಬಿಟ್ಟ. ಅಂದಿನಿಂದ ದಿನಾ ಹಾಲಿನ ಲೋಟದ ಜೊತೆ ಮಾತ್ರೆಯನ್ನೂ ತಾನೇ ತಂದುಕೊಟ್ಟ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೆಂಡತಿಗೆ ಹಾಲು ಕಾಯಿಸಿದ್ದು ಅದೇ ಮೊದಲು.

ಮಾತ್ರೆ ಕೆಲಸ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವೇ ವಾರಗಳಲ್ಲಿ ತಳ್ಳುಗಾಡಿ ಹಗುರಾಯಿತು, ಅಭ್ಯಾಸದಲ್ಲಿ ಹಗ್ಗ ಅವಳು ಹೇಳಿದ ಹಾಗೆ ಕೇಳತೊಡಗಿತು. ಸ್ನಾನದ ಮನೆಯಲ್ಲಿ ತನ್ನ ರಟ್ಟೆಯನ್ನು ತಾನೇ ಮುಟ್ಟಿ ನೋಡಿಕೊಂಡು ಹಿಗ್ಗಿದಳು. ಜೊತೆಗೆ ಗಲ್ಲದ ಮೇಲೆ ಒಂದೆರಡು ಗಡುಸು ಕೂದಲು ಬಂತು, ಕಿತ್ತು ಬಿಸಾಡಿದಳು. ದನಿ ಒಡೆಯಿತು, ನೆಗಡಿ ಅಂದುಕೊಂಡಳು. ಗ್ಯಾಸಿನವನು ಫೋನು ಮಾಡಿ “ಸಾರ್, ಮನೇಲಿ ಮೇಡಂ ಇದಾರಾ?” ಎಂದಾಗ “ನಾನೇ ಕಣಯ್ಯಾ ಮೇಡಂ!” ಎಂದು ಗದರಿದಳು. ಗದರಿದ ದನಿ ಕೇಳಿ ಆ ಕಡೆಯವನು “ಸಾರಿ ಸಾರ್” ಎಂದ.

ನೆಗಡಿಗೆಂದೇ ಆಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಗಂಟಲು ನೋಡಿದರು, ಗಲ್ಲ ನೋಡಿದರು, ಡಬ್ಬಿ ತರಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಮರುವಾರ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

“ಇದು ವಿಟಮಿನ್ ಅಲ್ಲ. ಗಂಡಸಿನ ಹಾರ್ಮೋನಿನ ಜಾತಿದು. ನಿಮ್ಮ ಲಿವರಿಗೆ ಆಗ್ಲೇ ಸುಸ್ತಾಗಿದೆ. ಇವತ್ತೇ ನಿಲ್ಲಿಸಿ.”

“ನಿಲ್ಲಿಸಿದ್ರೆ ದನಿ ಸರಿ ಹೋಗುತ್ತಾ ಡಾಕ್ಟ್ರಮ್ಮಾ?”

“ಲಿವರ್ ಸುಧಾರಿಸುತ್ತೆ. ದನಿ ಪೂರ್ತಿ ಮೊದಲಿನ ಹಾಗೆ ಆಗೋದು ಕಷ್ಟ.”

ಆಮೇಲೆ ಡಾಕ್ಟರೇ ಸೆಕೆ, ನಿದ್ದೆಯ ವಿಷಯ ಎತ್ತಿದರು. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಹೊಟ್ಟೆಯ ಕೆಳಭಾಗಕ್ಕೆ ಅಂಟಿಸುವ ಹೆಂಗಸಿನ ಹಾರ್ಮೋನಿನ ಪ್ಯಾಚು, ಜೊತೆಗೊಂದು ಮಾತ್ರೆ. ಲಿವರ್ ಸುಧಾರಿಸಿದ ಮೇಲೆ ಶುರು ಮಾಡಬಹುದು ಎಂದರು. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂದೆಲ್ಲ ಕೇಳಿದರು. ಇದರಲ್ಲೂ ಸಣ್ಣದಾದರೂ ಅಪಾಯ ಇದ್ದೇ ಇದೆ, ಯೋಚನೆ ಮಾಡಿ ಹೇಳಿ ಎಂದರು.

“ಇದು ಹಾಕ್ಕೊಂಡ್ರೆ ಹಗ್ಗ ಗೆಲ್ತೀನಾ?”

“ಇಲ್ಲ. ನಿದ್ದೆ ಬರುತ್ತೆ, ಮೂಳೆಗೂ ಒಳ್ಳೇದು. ಹಗ್ಗ ನೀವೇ ಎಳೀಬೇಕು.”

ಆ ಉತ್ತರವೇ ಅವಳಿಗೆ ಹಿಡಿಸಿದ್ದು. ಕೋಚ್ ಎಲ್ಲವನ್ನೂ ಕೊಡುತ್ತೇನೆಂದ, ಆದರೆ ಏನನ್ನೂ ಬಿಚ್ಚಿ ಹೇಳಿರಲಿಲ್ಲ. ಡಾಕ್ಟರು ಸ್ವಲ್ಪವೇ ಕೊಡುತ್ತೇನೆಂದರು, ಆದರೆ ಎಲ್ಲವನ್ನೂ ಹೇಳಿದ್ದರು. ಆದರೂ ಡಬ್ಬಿಯನ್ನು ಕಸಕ್ಕೆ ಹಾಕುವಾಗ ಕೈ ತಡೆಯಿತು, ಯಾಕೆಂದರೆ ಆ ಬಲವೂ ಅದರ ಜೊತೆಗೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೋಯಿತು ಕೂಡ. ತಿಂಗಳು ಕಳೆಯುವಷ್ಟರಲ್ಲಿ ತಳ್ಳುಗಾಡಿ ಮತ್ತೆ ತಳ್ಳುಗಾಡಿಯಾಯಿತು. ಎರಡನೆಯ ರಕ್ತ ಪರೀಕ್ಷೆ ಚೆನ್ನಾಗಿ ಬಂದ ಮೇಲೆ ಪ್ಯಾಚು ಅಂಟಿಸಿಕೊಂಡಳು.

ಈಗ ಗಂಡ ಸಿಟ್ಟಿನಿಂದ ಕುಣಿದಾಡಿದ. “ಹಾರ್ಮೋನಾ? ಈ ವಯಸ್ಸಲ್ಲಿ ಇದೆಲ್ಲ ಬೇಕಾ ನಿಂಗೆ? ನಾಲ್ಕು ಜನ ಏನಂತಾರೆ?”

“ಹುಲಿ ಮಾತ್ರೆ ಹಾಲಿನ ಜೊತೆ ಕೊಟ್ರಲ್ಲ, ಆಗ ಎಲ್ಲಿದ್ರು ರೀ ಆ ನಾಲ್ಕು ಜನ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಆತ ಅಷ್ಟಕ್ಕೇ ಬಿಡದೆ, ಇವಳಿಗೆ ಸ್ವಲ್ಪ ಬುದ್ಧಿ ಹೇಳಪ್ಪಾ ಎಂದು ಹೋಗಿ ಕೋಚ್‌ನ ಕಿವಿಗೂ ಹಾಕಿದ.

ತಂಡ ಆರಿಸುವ ದಿನ ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಎಲ್ಲರೂ ಹಗ್ಗ ಹಿಡಿದು ನಿಂತಿದ್ದರು. ಗೂಟಕ್ಕ ಕೊನೆಯ ಜಾಗಕ್ಕೆ ನಡೆದಳು. ಕೋಚ್ ಅಡ್ಡ ಬಂದ.

“ಅಕ್ಕಾ, ನೀವು ಹಾರ್ಮೋನ್ ಹಾಕ್ಕೊಂಡಿದೀರಂತೆ. ಔಷಧಿ ತಗೊಂಡು ಆಡೋದು ಮೋಸ ಆಗುತ್ತೆ. ತಂಡದ ಮರ್ಯಾದೆ ಪ್ರಶ್ನೆ.”

ತಾನು ಕಳ್ಳ, ಪರರ ನಂಬ. ಅವಳಿಗೆ ಮೊದಲು ನಗು ಬಂತು, ಹಿಂದೆಯೇ ಮೈಯೆಲ್ಲ ಉರಿಯಿತು. ಈ ಉರಿ ಮುಟ್ಟು ನಿಂತದ್ದರಿಂದ ಬಂದದ್ದಲ್ಲ.

“ಹೂಂ, ಹಾಕ್ಕೊಂಡಿದೀನಿ. ಡಾಕ್ಟ್ರು ಬರ್ಕೊಟ್ಟಿದ್ದು, ನಿದ್ದೆ ಬರಲಿ ಅಂತ. ಯಾರು ಕೇಳಿದ್ರೂ ಹೇಳ್ತೀನಿ. ನಿನ್ನ ಡಬ್ಬೀಲಿ ಏನಿದೆ, ನೀನು ಹೇಳು.”

“ವಿಟಮಿನ್ ಅಂತ ಹೇಳಿದೀನಲ್ಲ.”

ಅವಳು ಅವನನ್ನು ಬಿಟ್ಟು ಹುಡುಗಿಯರ ಕಡೆ ತಿರುಗಿದಳು. ಇಷ್ಟು ದಿನ ಆ ಒಡಕು ದನಿ ಅಡಗಿಸಲು ಪಿಸುಗುಡುತ್ತಿದ್ದವಳು ಈಗ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದಳು.

“ನನ್ನ ದನಿ ಕೇಳ್ರೇ! ನೆಗಡಿ ಅಂತ ನಕ್ಕಿರಲ್ಲ, ಇದು ನೆಗಡಿ ಅಲ್ಲ. ಇವನು ಕೊಟ್ಟ ವಿಟಮಿನ್ನು. ಇನ್ನು ಸಾಯೋತನಕ ಇದೇ ದನಿ ನಂದು. ನಂಗೆ ಯಾರೂ ಹೇಳಲಿಲ್ಲ, ನಾನು ನಿಮಗೆ ಹೇಳ್ತಿದೀನಿ.”

ಹಗ್ಗದ ಮಧ್ಯದಲ್ಲಿದ್ದ ಆಸ್ಪತ್ರೆಯ ಅಡುಗೆಮನೆಯ ಹುಡುಗಿ, ಮುಂದಿನ ತಿಂಗಳು ಮದುವೆಯಾಗಬೇಕಾದವಳು, ಕೈಯಲ್ಲಿದ್ದ ಹಗ್ಗ ಬಿಟ್ಟಳು.

“ಅಕ್ಕಾ,” ಎಂದಳು. ಗಂಟಲು ಕೆಮ್ಮಿ ಸರಿಮಾಡಿಕೊಂಡು ಮತ್ತೆ “ಅಕ್ಕಾ” ಎಂದಳು. ಎರಡು ಸಲವೂ ದನಿ ಒಡೆಯಿತು.

ಗೂಟಕ್ಕ ಹೋಗಿ ಅವಳ ಕೈ ಹಿಡಿದುಕೊಂಡಳು. “ನಡಿ, ಡಾಕ್ಟ್ರು ಇನ್ನೂ ಇರ್ತಾರೆ.”

“ಈಗ ಹೋದ್ರೆ ಈ ವರ್ಷ ನಿಮ್ಮ ಜಾಗ ಹೋಯ್ತು ಅಂದ್ಕೊಳ್ಳಿ,” ಕೋಚ್ ಹಿಂದಿನಿಂದ ಕೂಗಿದ.

ಅವಳು ತಿರುಗಿ ಆ ಕೊನೆಯ ಜಾಗವನ್ನು ನೋಡಿದಳು. ವರ್ಷವರ್ಷ ಹಿಮ್ಮಡಿ ಊರಿ ಊರಿ ಅಲ್ಲಿ ಹುಲ್ಲೇ ಬೆಳೆಯುತ್ತಿರಲಿಲ್ಲ.

“ಹೋಗ್ಲಿ ಬಿಡು,” ಎಂದಳು. “ನೀನೇ ನಿಂತ್ಕೋ ಅಲ್ಲಿ. ಎಷ್ಟು ಹೊತ್ತು ನಿಲ್ತೀಯೋ ನಾನೂ ನೋಡ್ತೀನಿ.”

ಹುಡುಗಿಯನ್ನು ಕರೆದುಕೊಂಡು ಹೊರಟಳು. ಗೇಟಿನ ಹತ್ತಿರ ಬರುವಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದು ಕೇಳಿಸಿತು. ತಂಡದ ಇನ್ನಿಬ್ಬರು ಓಡಿ ಬರುತ್ತಿದ್ದರು, ಚೀಲದಿಂದ ತೆಗೆದ ಹುಲಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

“ಮುಚ್ಚಿಕೋಬೇಡ್ರೇ,” ಎಂದಳು ಗೂಟಕ್ಕ. “ಕೈಯಲ್ಲಿ ಹಿಡ್ಕೊಂಡು ಬನ್ನಿ.”